ಹಳ್ಳಿಯ ಹೊಸ್ತಿಲಿಗೆ ಬಂದ ಕಾಣದ ಕಳ್ಳ

ಅಸೂಟಿ (ರೋಣ): ಕಳ್ಳ ಕತ್ತಲಲ್ಲಿ ಬರುತ್ತಾನೆ, ಅದೂ ಮನೆಯಲ್ಲಿ ಯಾರೂ ಇಲ್ಲದ ವೇಳೆ ನೋಡಿ ಬರುತ್ತಾನೆ ಎಂಬುದು ಗ್ರಾಮೀಣರ ಬಹುಕಾಲದ ನಂಬಿಕೆ. ಇಂದಿನ ಕಳ್ಳ ಹಾಡಹಗಲೇ ಮೊಬೈಲ್ ಮೂಲಕ ಬರುತ್ತಾನೆ, ಮಾಲೀಕನ ಕೈಯಿಂದಲೇ ಬೀಗ ತೆಗೆಸುತ್ತಾನೆ. ಸೈಬರ್ ಅಪರಾಧವೆಂದರೆ ಬೆಂಗಳೂರಿನ ಸಿರಿವಂತರ ಸಮಸ್ಯೆ ಎಂದು ಹಳ್ಳಿಗಳು ನಿಶ್ಚಿಂತೆಯಿಂದಿರುವ ಕಾಲ ಕಳೆದುಹೋಗಿದೆ.

ಕಾರಣ ಸ್ಪಷ್ಟ. ರೋಣ ತಾಲೂಕಿನ ಅಸೂಟಿಯಂತಹ ಗ್ರಾಮಗಳಲ್ಲಿಯೂ ಪಿಎಂ ಕಿಸಾನ್ ಕಂತು, ಗೃಹಲಕ್ಷ್ಮಿಯ ಹಣ, ಬೆಳೆ ವಿಮೆಯ ಪರಿಹಾರ ಎಲ್ಲವೂ ನೇರವಾಗಿ ಬ್ಯಾಂಕ್ ಖಾತೆಗೆ ಜಮೆಯಾಗುತ್ತವೆ. ಹಣವಿರುವೆಡೆಗೆ ಕಳ್ಳನೂ ಬರುತ್ತಾನೆ. 2025ರ ಮೇ 1ರಂದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ ಮತ್ತು ಕರ್ನಾಟಕ ಗ್ರಾಮೀಣ ಬ್ಯಾಂಕ್ ಒಂದಾದವು. ಇಂತಹ ಬದಲಾವಣೆಯ ನೆಪದಲ್ಲಿ 'ಕೆವೈಸಿ ಮಾಡಿಸದಿದ್ದರೆ ಖಾತೆ ಬಂದ್' ಎಂಬ ಕರೆ ಬಂದರೆ ರೈತನಿಗೆ ಅದು ನಿಜವೆಂದೇ ತೋರುವುದು ಸಹಜ.

ಹಾನಿಯ ಪ್ರಮಾಣ ದಿಗಿಲು ಹುಟ್ಟಿಸುವಂತಿದೆ. ಕೇಂದ್ರ ಸರ್ಕಾರ ಲೋಕಸಭೆಗೆ ನೀಡಿದ ಮಾಹಿತಿಯಂತೆ 2023ರಲ್ಲಿ ದೇಶದ ಜನ ಸೈಬರ್ ವಂಚನೆಯಲ್ಲಿ ಕಳೆದುಕೊಂಡದ್ದು 7,465 ಕೋಟಿ ರೂ. 2024ರಲ್ಲಿ ಈ ಮೊತ್ತ 22,845 ಕೋಟಿ ರೂ.ಗೆ ಏರಿತು.

ಹಣದೊಂದಿಗೆ ಪ್ರಾಣವೂ ಹೋಗುತ್ತಿದೆ. ನೆರೆಯ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಬೀಡಿ ಗ್ರಾಮದಲ್ಲಿ 2025ರ ಮಾರ್ಚ್‌ನಲ್ಲಿ ವೃದ್ಧ ದಂಪತಿ, ಪೊಲೀಸ್ ಅಧಿಕಾರಿಗಳ ಸೋಗಿನಲ್ಲಿ ಕರೆ ಮಾಡಿದವರ ಬೆದರಿಕೆಗೆ ಸಿಲುಕಿ 50 ಲಕ್ಷ ರೂ.ಗೂ ಹೆಚ್ಚು ಹಣ ಕಳೆದುಕೊಂಡು ಆತ್ಮಹತ್ಯೆ ಮಾಡಿಕೊಂಡರು. ಇದೇ 'ಡಿಜಿಟಲ್ ಅರೆಸ್ಟ್' ಎಂಬ ಮೋಸ. 2024ರ ಅಕ್ಟೋಬರ್ 27ರ 'ಮನ್ ಕಿ ಬಾತ್' ಕಾರ್ಯಕ್ರಮದಲ್ಲಿ ಪ್ರಧಾನಿ ಉದಾಹರಣೆಯಾಗಿ ಕೇಳಿಸಿದ್ದೂ ವಿಜಯಪುರದ ವ್ಯಕ್ತಿಯೊಬ್ಬರಿಗೆ ಬಂದ ಇಂತಹ ಕರೆಯನ್ನೇ. ಫೋನಿನಲ್ಲಿ ಬಂಧಿಸುವ ಅಧಿಕಾರವನ್ನು ಈ ದೇಶದ ಯಾವ ಕಾನೂನೂ ಯಾರಿಗೂ ಕೊಟ್ಟಿಲ್ಲ. ಇದೊಂದು ಮಾತು ಪ್ರತಿ ಮನೆಗೂ ತಲುಪಿದ್ದರೆ ಎಷ್ಟೋ ಜೀವಗಳು ಉಳಿಯುತ್ತಿದ್ದವು.

ಮೋಸದ ರೂಪಗಳು ಹಲವಾದರೂ ಮೂಲ ಎರಡೇ: ಭಯ ಮತ್ತು ಆಸೆ. ಸರ್ಕಾರಿ ಯೋಜನೆಯ ಹೆಸರಿನಲ್ಲಿಯೋ ಮದುವೆ ಆಮಂತ್ರಣದ ರೂಪದಲ್ಲಿಯೋ ವಾಟ್ಸ್ಆಪ್‌ಗೆ ಬರುವ 'ಎಪಿಕೆ' ಕಡತವನ್ನು ತೆರೆದು ಅಳವಡಿಸಿಕೊಂಡರೆ ಮೊಬೈಲಿನ ಸಂದೇಶಗಳೆಲ್ಲ, ಒಟಿಪಿ ಸಹಿತ, ವಂಚಕನ ಪಾಲಾಗಬಹುದು. ಹಣ ಪಡೆಯಲು ಯುಪಿಐ ಪಿನ್ ಬೇಕಿಲ್ಲ; ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ಇನ್ನು ಹೆಬ್ಬೆಟ್ಟಿನ ಗುರುತೂ ಸುರಕ್ಷಿತವಲ್ಲ. ಆಸ್ತಿ ನೋಂದಣಿ ಪತ್ರಗಳಲ್ಲಿನ ಬೆರಳಚ್ಚನ್ನು ನಕಲು ಮಾಡಿ ಆಧಾರ್ ಆಧಾರಿತ ಪಾವತಿಯ ಮೂಲಕ ಹಣ ಲಪಟಾಯಿಸಿದ ಪ್ರಕರಣಗಳು 2023ರಲ್ಲಿ ರಾಜ್ಯದಲ್ಲಿ ಬೆಳಕಿಗೆ ಬಂದವು. ಆಧಾರ್‌ನ ಬಯೋಮೆಟ್ರಿಕ್‌ಗೆ ಬೀಗ ಹಾಕಿಡುವ ಸೌಲಭ್ಯವಿದ್ದು, ಅದನ್ನು ಬಳಸಿಕೊಳ್ಳುವುದು ಜಾಣತನ.

ಇನ್ನೊಂದು ಅಪಾಯ ಯುವಕರದು. ಒಂದಿಷ್ಟು ಸಾವಿರ ರೂಪಾಯಿಯ ಆಸೆಗೆ ತಮ್ಮ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಅನ್ನು ಅಪರಿಚಿತರಿಗೆ ಒಪ್ಪಿಸಿದರೆ, ಕದ್ದ ಹಣ ಆ ಖಾತೆಯ ಮೂಲಕವೇ ಸಾಗುತ್ತದೆ. ವಂಚಕ ಯಾವುದೋ ದೇಶದಲ್ಲಿರುತ್ತಾನೆ. ಪೊಲೀಸರು ಬಂದು ಬಾಗಿಲು ಬಡಿಯುವುದು ಖಾತೆದಾರನ ಮನೆಯದನ್ನು.

ಮೋಸ ಹೋದವರು ಮರ್ಯಾದೆಗೆ ಅಂಜಿ ಸುಮ್ಮನಿರುವುದೇ ವಂಚಕರಿಗೆ ಬಲ. ಕದ್ದ ಹಣ ಕೆಲವೇ ಗಂಟೆಗಳಲ್ಲಿ ಹತ್ತಾರು ಖಾತೆಗಳಿಗೆ ಹಂಚಿಹೋಗುತ್ತದೆ. ಆದ್ದರಿಂದ ತಡಮಾಡದೆ 1930ಕ್ಕೆ ಕರೆ ಮಾಡಿ ವಹಿವಾಟಿನ ವಿವರ ನೀಡಿದರೆ, ಹಣ ಇನ್ನೂ ಖಾತೆಯಲ್ಲಿರುವಾಗಲೇ ಬ್ಯಾಂಕುಗಳು ಅದನ್ನು ತಡೆಹಿಡಿಯಲು ಸಾಧ್ಯ. ತಮ್ಮ ಬ್ಯಾಂಕಿಗೂ ಲಿಖಿತವಾಗಿ ತಿಳಿಸಬೇಕು. ಗ್ರಾಹಕನದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಹಣ ಹೋದಾಗ ಮೂರು ಕೆಲಸದ ದಿನಗಳೊಳಗೆ ದೂರಿದರೆ ಗ್ರಾಹಕನ ಮೇಲೆ ಹೊಣೆ ಬೀಳದು ಎಂದು ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲೇ ಸೂಚಿಸಿತ್ತು. ಆದರೆ ಒಟಿಪಿ, ಪಿನ್ ತಾನೇ ಹೇಳಿಕೊಟ್ಟವನಿಗೆ, ದೂರು ನೀಡುವವರೆಗಿನ ನಷ್ಟದಲ್ಲಿ ಈ ರಕ್ಷಣೆಯಿಲ್ಲ.

ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ 2001ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲಿ. ಇಂದು ಗದಗ ಸೇರಿದಂತೆ ಜಿಲ್ಲೆಗಳಲ್ಲಿ ಸಿಇಎನ್ ಠಾಣೆಗಳಿವೆ. ಆದರೂ ಠಾಣೆಯ ಕೆಲಸ ಕಳವಾದ ಬಳಿಕದ್ದು. ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಮುಂಚಿತ ಎಚ್ಚರಿಕೆ ಹಳ್ಳಿಯಿಂದಲೇ ಆಗಬೇಕು. ಇದೇ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘ ಹುಟ್ಟಿತು. ಒಬ್ಬರನ್ನೊಬ್ಬರು ಬಲ್ಲವರ ನಡುವಿನ ವಿಶ್ವಾಸವೇ ಅದರ ಬಂಡವಾಳವಾಗಿತ್ತು. ಗ್ರಾಮಸಭೆ, ಸ್ತ್ರೀಶಕ್ತಿ ಸಂಘ, ಸಹಕಾರ ಸಂಘ, ಶಾಲೆಗಳು ಅದೇ ವಿಶ್ವಾಸವನ್ನು ಈಗ ರಕ್ಷಣೆಗೆ ಬಳಸಬೇಕಿದೆ. ಅನುಮಾನದ ಕರೆ ಬಂದಾಗ ಫೋನ್ ಇಟ್ಟು ಪಕ್ಕದ ಮನೆಯವರನ್ನು ಒಂದು ಮಾತು ಕೇಳುವ ರೂಢಿ ಬೆಳೆದರೂ ವಂಚಕನ ಅರ್ಧ ಬಲ ಉಡುಗುತ್ತದೆ. ಏಕೆಂದರೆ ಅವನು ಗೆಲ್ಲುವುದು ಮನುಷ್ಯ ಒಂಟಿಯಾದಾಗ ಮಾತ್ರ.