ಗಿಟಾರಿನ ಪೆಟ್ಟಿಗೆ ಕೊಳ್ಳುವ ಮುನ್ನ

ಕಳೆದ ಬೇಸಿಗೆಯಲ್ಲಿ ಪ್ರವಚನದ ನಿಮಿತ್ತ ಕರಾವಳಿಗೆ ಹೋದಾಗ ಹೊನ್ನಾವರದ ಒಂದು ಮನೆಯಲ್ಲಿ ಮೂರು ದಿನ ತಂಗಿದ್ದೆವು. ಆ ಮನೆಯ ಹಿರಿಯರು ಹಾವೇರಿ ಸೀಮೆಯಿಂದ ನೌಕರಿಗೆಂದು ಘಟ್ಟ ಇಳಿದು ಬಂದವರು. ಲಿಂಗೈಕ್ಯರಾಗಿ ಕೆಲವು ವರ್ಷಗಳಾದವು. ಈಗ ಅಲ್ಲಿ ಅವರ ಪತ್ನಿ, ಪ್ರೌಢಶಾಲೆಯ ಶಿಕ್ಷಕರಾದ ಮಗ, ಸೊಸೆ, ಕಾಲೇಜಿಗೆ ಹೋಗುವ ಮೊಮ್ಮಗ ಇದ್ದಾರೆ. ಪ್ರಸಾದಕ್ಕೆ ಕುಳಿತಾಗಲೇ ತಂದೆಮಕ್ಕಳ ನಡುವೆ ಮಾತು ನಿಂತಿದೆಯೆಂಬುದು ನಮ್ಮ ಗಮನಕ್ಕೆ ಬಂದಿತು. ಅಜ್ಜಿಯೇ ಬಾಯಿಬಿಟ್ಟರು: "ನೀವರ ಒಂದ್ ಮಾತ ಹೇಳ್ರಿ ಗುರುಗಳ. ಗಿಟಾರ್ ಡಬ್ಬಿ ಸಲುವಾಗಿ ಹದಿನೈದ ದಿನದಿಂದ ಇಬ್ರೂ ಮಾರಿ ತಿರುವಿಕೊಂಡ ಕುಂತಾರ."

ವಿಷಯವಿಷ್ಟು. ಹುಡುಗ ಮೂರು ವರ್ಷಗಳಿಂದ ಊರಿನ ಚರ್ಚಿನ ಗಾಯನವೃಂದದ ಒಬ್ಬರಲ್ಲಿ ಗಿಟಾರು ಕಲಿಯುತ್ತಿದ್ದಾನೆ. ಚಿಕ್ಕ ಮಕ್ಕಳಿಗೆ ಪಾಠ ಹೇಳಿ ಕೂಡಿಟ್ಟ ಹಣದಲ್ಲಿ ವಿದ್ಯುತ್ ಗಿಟಾರೊಂದನ್ನೂ ಕೊಂಡಿದ್ದಾನೆ. ಇನ್ನು ಅದಕ್ಕೆ ಆಂಪ್ಲಿಫೈಯರ್ ಬೇಕು, ಅದೂ ವಾಲ್ವಿನದೇ ಬೇಕು. ಭಟ್ಕಳದ ಪೇಟೆಯಲ್ಲಿ ವಿದೇಶದಿಂದ ಬಂದ ಐವತ್ತು ವ್ಯಾಟಿನ ಹಳೆಯ ಪೆಟ್ಟಿಗೆಯೊಂದು ಇಪ್ಪತ್ತೆಂಟು ಸಾವಿರಕ್ಕಿದೆ. ತಂದೆಯವರ ಬಳಿ ಮೂವತ್ತು ಸಾವಿರವಿತ್ತು. ಅದು ಮಳೆಗಾಲಕ್ಕೆ ಮುನ್ನ ಹೆಂಚು ಕೈಯಾಡಿಸಿ ಜಂತಿ ಬದಲಿಸಲು ಎತ್ತಿಟ್ಟ ಹಣ. ಅಜ್ಜಿ ಮಲಗುವ ಕೋಣೆಯೇ ಸೋರುತ್ತಿತ್ತು. "ಪರದೇಶದ ವಾದ್ಯಕ್ಕಾಗಿ ಮನೆಯ ಮಾಡು ಮಾರಬೇಕೇ?" ಎಂದು ತಂದೆಯವರು ನಮ್ಮನ್ನು ಕೇಳಿದರು.

ಪರದೇಶದ ವಾದ್ಯವೆಂಬ ಮಾತನ್ನು ನಾವು ಒಪ್ಪಲಿಲ್ಲ. ಇಂದು ನಮ್ಮ ಮಠಗಳ ಭಜನೆಯಲ್ಲಿ ಹಾರ್ಮೋನಿಯಂ ಇಲ್ಲದೆ ನಡೆಯುವುದಿಲ್ಲ. ಅದನ್ನೇ ಆಕಾಶವಾಣಿಯು 1940ರಿಂದ ಮೂರು ದಶಕಗಳ ಕಾಲ ಹೊರಗಿರಿಸಿತ್ತು. ಪಿಟೀಲು ಎಲ್ಲಿಂದ ಬಂದಿತೆಂದು ಈಗ ಯಾರೂ ಕೇಳುವುದಿಲ್ಲ. ಯು. ಶ್ರೀನಿವಾಸರು ವಿದ್ಯುತ್ ಮ್ಯಾಂಡೊಲಿನ್ನಿನಲ್ಲಿ ಕರ್ನಾಟಕ ಸಂಗೀತವನ್ನು ನುಡಿಸಿದಾಗ ವಿದ್ವಾಂಸರು ತಲೆದೂಗಿದರು. ಆದರೆ ಮಾಡಿನ ಮಾತು ನಿಜವಾದ ಮಾತು. ಮೊದಲು ಹೆಂಚು, ಆಮೇಲೆ ಪೆಟ್ಟಿಗೆ ಎಂದೆವು. ಹುಡುಗ ತಲೆ ತಗ್ಗಿಸಿದ. ಪೆಟ್ಟಿಗೆ ಬೇಡವೆಂದು ನಾವು ಹೇಳಲಿಲ್ಲವೆಂಬುದು ಅವನಿಗೆ ಸ್ವಲ್ಪ ತಡವಾಗಿ ಹೊಳೆಯಿತು.

ಇಂಥ ವಿಷಯದಲ್ಲಿ ಶಾಸ್ತ್ರ ಓದಿದವರಿಗೆ ಏನು ಅಧಿಕಾರವೆಂದು ಓದುಗ ಬಂಧುಗಳು ಕೇಳಬಹುದು. ನಾವು ಮಠದಲ್ಲಿ ವಿದ್ಯಾರ್ಥಿಗಳಾಗಿದ್ದಾಗ ಅಲ್ಲಿಯ ಧ್ವನಿವರ್ಧಕ ವಾಲ್ವಿನದಾಗಿತ್ತು, ಅದರ ಉಸ್ತುವಾರಿ ನಮ್ಮದಾಗಿತ್ತು. 1976ರ ಜಾತ್ರೆಯ ಸಂಜೆ ಅವಸರದಲ್ಲಿ ಹಾರ್ನಿನ ತಂತಿಯನ್ನು ಜೋಡಿಸದೆಯೇ ಯಂತ್ರವನ್ನು ಚಾಲೂ ಮಾಡಿ ಧ್ವನಿಯನ್ನು ಪೂರ್ತಿ ಏರಿಸಿದೆವು. ಒಳಗಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಅಂದು ಗುರುಗಳು ಸಾವಿರಾರು ಜನರೆದುರು ಬರಿಯ ಕಂಠದಲ್ಲಿಯೇ ಆಶೀರ್ವಚನ ನೀಡಬೇಕಾಯಿತು. ಅವರು ನಮ್ಮನ್ನು ಬೈಯಲಿಲ್ಲ; ರಿಪೇರಿಯವನು ಬಂದಾಗ ಅವನ ಪಕ್ಕದಲ್ಲಿ ಮೂರು ದಿನ ಕುಳಿತು ಕಲಿಯಲು ಹೇಳಿದರು. ಅಂದು ಕಲಿತದ್ದು ಇಂದಿಗೂ ಮರೆತಿಲ್ಲ. ವಾಲ್ವಿನ ಆಂಪ್ಲಿಫೈಯರನ್ನು ಸ್ಪೀಕರ್ ಜೋಡಿಸದೆ ಎಂದಿಗೂ ನುಡಿಸಬಾರದು, ಅದು ಹೇಳುವಷ್ಟೇ ಓಮಿನ ಸ್ಪೀಕರನ್ನು ಜೋಡಿಸಬೇಕು.

ವಾಲ್ವ್ ಎಂದರೇನು? ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಕಾದ ಲೋಹದಿಂದ ಎಲೆಕ್ಟ್ರಾನುಗಳು ಹೊರಡುತ್ತವೆ. ಅವುಗಳ ದಾರಿಗೆ ಅಡ್ಡಲಾಗಿ ಒಂದು ಜಾಲರಿಯಿರುತ್ತದೆ. ಕೆರೆಯ ತೂಬನ್ನು ಒಬ್ಬನೇ ಆಳು ಅಲುಗಿಸಿದರೂ ಕಾಲುವೆಯ ನೀರೆಲ್ಲ ಹೆಚ್ಚು ಕಡಿಮೆಯಾಗುವಂತೆ, ಗಿಟಾರಿನ ತಂತಿಯಿಂದ ಬಂದ ಕ್ಷೀಣ ವಿದ್ಯುತ್ತು ಆ ಜಾಲರಿಯ ಮೂಲಕ ದೊಡ್ಡ ಪ್ರವಾಹವನ್ನು ಆಳುತ್ತದೆ. ಧಾರವಾಡ ಆಕಾಶವಾಣಿಯಿಂದ ಮಲ್ಲಿಕಾರ್ಜುನ ಮನಸೂರರು ಹಾಡುವ ವಚನಗಳನ್ನು ನಾವು ಬಾಲ್ಯದಲ್ಲಿ ಕೇಳಿದ್ದು ಇಂಥ ವಾಲ್ವುಗಳ ರೇಡಿಯೋದಲ್ಲಿಯೇ. ಗುಂಡಿ ತಿರುವಿದ ಮೇಲೆ ಅದು ಕಾಯುವವರೆಗೆ ಅರ್ಧ ನಿಮಿಷ ಎಲ್ಲರೂ ಸುಮ್ಮನೆ ಕುಳಿತಿರುತ್ತಿದ್ದೆವು. ಬೆಂಗಳೂರಿನ ಬಿಇಎಲ್ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ಅವು ತಯಾರಾಗುತ್ತಿದ್ದವು. 1947ರಲ್ಲಿ ಟ್ರಾನ್ಸಿಸ್ಟರ್ ಹುಟ್ಟಿತು, ಕೆಲವೇ ದಶಕಗಳಲ್ಲಿ ವಾಲ್ವು ಮನೆಗಳಿಂದ ಮರೆಯಾಯಿತು.

ಗಿಟಾರಿನವರು ಮಾತ್ರ ಅದನ್ನು ಬಿಡಲಿಲ್ಲ. ಗುಣವಂತೆಯ ಕೆರೆಮನೆ ಮೇಳದಂಥ ಯಕ್ಷಗಾನದ ಹಿಮ್ಮೇಳದಲ್ಲಿ ಚಂಡೆಗೆ ಯಾವ ಯಂತ್ರವೂ ಬೇಡ, ಬಯಲೆಲ್ಲ ಅದಕ್ಕೆ ಕೇಳುತ್ತದೆ. ವಿದ್ಯುತ್ ಗಿಟಾರೋ ಘನವಾದ ಮರದ ಹಲಗೆ. ತನ್ನಷ್ಟಕ್ಕೆ ಅದು ಪಿಸುಗುಟ್ಟುವುದೇ ಹೊರತು ನುಡಿಯುವುದಿಲ್ಲ. ತಂಬೂರಿಗೆ ಬುರುಡೆ ಹೇಗೋ ಅದಕ್ಕೆ ಈ ಪೆಟ್ಟಿಗೆ ಹಾಗೆ. ಮಿರಜಿನ ಕುಶಲಿಗರು ಬುರುಡೆಯನ್ನು ಆರಿಸುವುದಕ್ಕೇ ಎಷ್ಟು ತಾಳ್ಮೆ ವಹಿಸುತ್ತಾರೆಂಬುದನ್ನು ಬಲ್ಲವರಿಗೆ ಹುಡುಗನ ಹಟ ಅರ್ಥವಾದೀತು. ವಾಲ್ವನ್ನು ಅದರ ಶಕ್ತಿ ಮೀರಿ ದುಡಿಸಿದಾಗ ನಾದವು ಥಟ್ಟನೆ ಕತ್ತರಿಸಿದಂತೆ ಒಡೆಯದೆ ಮೆಲ್ಲಮೆಲ್ಲನೆ ದುಂಡಗಾಗಿ ಬಿರಿಯುತ್ತದೆ. ಒಂದೇ ಪವರ್ ವಾಲ್ವಿರುವ ಸಣ್ಣ ಪೆಟ್ಟಿಗೆಯಲ್ಲಿ ಮೂಲಸ್ವರದ ಮೇಲಿನ ಷಡ್ಜವೂ ಅದರೊಡನೆ ಸೇರಿ ಬರುತ್ತದೆ. ಬೆರಳ ಒತ್ತಡ ಹೆಚ್ಚಿದರೆ ಒಂದು ಬಗೆ, ತಗ್ಗಿದರೆ ಇನ್ನೊಂದು ಬಗೆ. ಅವರು ಬಯಸುವುದು ಇದನ್ನೇ.

ಮರುದಿನ ಹುಡುಗನನ್ನು ಕರೆದುಕೊಂಡು ಭಟ್ಕಳಕ್ಕೆ ಹೋದೆವು. ಅಂಗಡಿಯ ಸಾಹೇಬರು ಸಜ್ಜನರು. ನಾವು ಕೇಳುವ ಮೊದಲೇ ಪೆಟ್ಟಿಗೆಯನ್ನು ಹಿಂದೆ ತಿರುಗಿಸಿ ಟಾರ್ಚು ಬಿಟ್ಟು ತೋರಿಸಿದರು: 120 ವೋಲ್ಟ್, 60 ಹರ್ಟ್ಸ್. "ಇದು ಅಮೆರಿಕದ್ದು ಸ್ವಾಮಿ. ನಮ್ಮ ಪ್ಲಗ್ಗಿಗೆ ನೇರ ಹಾಕಿದರೆ ಹೊಗೆಯೇ," ಎಂದರು. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್. ವೋಲ್ಟೇಜು ಇಳಿಸುವ ಪ್ರತ್ಯೇಕ ಟ್ರಾನ್ಸ್‌ಫಾರ್ಮರು ಸಿಗುತ್ತದೆ. ಆದರೆ ಅದು ಹರ್ಟ್ಸನ್ನು ಬದಲಿಸಲಾರದು. 60ಕ್ಕಾಗಿಯೇ ಮಾಡಿದ ಟ್ರಾನ್ಸ್‌ಫಾರ್ಮರು 50ರಲ್ಲಿ ಹೆಚ್ಚು ಕಾಯುತ್ತದೆ. ಕೊಲ್ಲಿ ದೇಶಗಳಲ್ಲಿ ಬಂಧುಗಳಿರುವವರು ಇದನ್ನು ನೆನಪಿಡಬೇಕು. ದುಬೈಯಲ್ಲಿ ನಮ್ಮಂತೆಯೇ 50 ಹರ್ಟ್ಸ್, ಸೌದಿ ಅರೇಬಿಯದಲ್ಲಿ 60. ಪೆಟ್ಟಿಗೆಯ ಹಿಂದೆ 230 ಎಂದಾಗಲಿ, 220ರಿಂದ 240 ಎಂದಾಗಲಿ, ಜೊತೆಗೆ 50 ಎಂದಾಗಲಿ ಬರೆದಿಲ್ಲದಿದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡುವುದು ಲೇಸು.

ಹುಡುಗನಿಗೆ ಐವತ್ತು ವ್ಯಾಟಿನ ಮೋಹ ಹೋಗಿರಲಿಲ್ಲ. "ಐದು ವ್ಯಾಟಂದ್ರ ಆಟಿಗಿ ಆಗೂದಿಲ್ಲೇನ್ರಿ ಅಜ್ಜಾರ?" ಎಂದ. ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಹೆಚ್ಚಿನವರು ಹಣ ಕಳೆದುಕೊಳ್ಳುವುದು ಇಲ್ಲಿಯೇ. ನಮ್ಮ ಕಿವಿಯ ಲೆಕ್ಕವು ಅಂಗಡಿಯ ಲೆಕ್ಕದಂತಲ್ಲ. ವ್ಯಾಟು ಹತ್ತು ಪಟ್ಟಾದರೆ ಕಿವಿಗೆ ಸದ್ದು ಸುಮಾರು ಎರಡು ಪಟ್ಟು ಎನ್ನಿಸುತ್ತದೆ, ಅಷ್ಟೆ. ಹಾಗಾಗಿ ಐವತ್ತು ವ್ಯಾಟಿನದು ಐದರದಕ್ಕಿಂತ ಹತ್ತು ಪಟ್ಟು ಜೋರಲ್ಲ. ಮೇಲಾಗಿ ವಾಲ್ವಿನ ಸೊಗಸು ಬರುವುದು ಅದು ದಣಿಯುವಷ್ಟು ದುಡಿದಾಗ. ಐವತ್ತನ್ನು ಆ ಮಟ್ಟಕ್ಕೆ ಏರಿಸಿದರೆ ಪಕ್ಕದ ಕೋಣೆಯ ಅಜ್ಜಿಯಷ್ಟೇ ಅಲ್ಲ, ಓಣಿಯೇ ಎದ್ದು ಬರುತ್ತದೆ. ತಗ್ಗಿಸಿ ನುಡಿಸಿದರೆ ಅಷ್ಟು ಹಣ ಕೊಟ್ಟ ಸೊಗಸೇ ಬರುವುದಿಲ್ಲ. ಮನೆಗೆ ಐದು ವ್ಯಾಟೂ ಹೆಚ್ಚೇ. ಆದುದರಿಂದಲೇ ಅದನ್ನು ಒಂದು ವ್ಯಾಟಿಗೆ ಇಲ್ಲವೆ ಅದಕ್ಕೂ ಕೆಳಗೆ ಇಳಿಸುವ ಕೀಲಿಯುಳ್ಳ ಪೆಟ್ಟಿಗೆಗಳನ್ನು ಮಾಡಿದ್ದಾರೆ. ಬುಗೇರಾ ವಿ5 ಎಂಬುದರಲ್ಲಿ ಐದು, ಒಂದು, ಒಂದರ ಹತ್ತನೇ ಒಂದು ಎಂಬ ಮೂರು ಮೆಟ್ಟಿಲುಗಳಿವೆ. ಬ್ಲಾಕ್‌ಸ್ಟಾರಿನ ಎಚ್‌ಟಿ-1 ಮೂಲದಲ್ಲಿಯೇ ಒಂದು ವ್ಯಾಟಿನದು. ಹೆಡ್‌ಫೋನು ಚುಚ್ಚುವ ರಂಧ್ರವೂ ಅದರಲ್ಲಿದೆ. ಸಣ್ಣ ಪೆಟ್ಟಿಗೆ ಆಟಿಗೆಯೆಂಬುದೂ ಸಲ್ಲದು. ಎರಿಕ್ ಕ್ಲಾಪ್ಟನ್ನರು 1970ರಲ್ಲಿ ಲೈಲಾ ಧ್ವನಿಮುದ್ರಿಕೆಗೆ ನುಡಿಸಿದ್ದು ಫೆಂಡರ್ ಕಂಪನಿಯ ಚಾಂಪ್ ಎಂಬ ಪುಟ್ಟ ಪೆಟ್ಟಿಗೆಯಲ್ಲಿ.

ಬರಿಗೈಯಲ್ಲಿ ಹಿಂದಿರುಗುವಾಗ ಹುಡುಗ ಬಸ್ಸಿನಲ್ಲಿ ಮಾತಾಡಲಿಲ್ಲ. ಹೊನ್ನಾವರದಲ್ಲಿ ಇಳಿಯದೆ ಅವನನ್ನು ನೇರವಾಗಿ ಕುಮಟೆಗೆ ಕರೆದೊಯ್ದೆವು. ಅಲ್ಲಿ ಹಳೆಯ ರೇಡಿಯೋ ದುರಸ್ತಿ ಮಾಡುವ ವೃದ್ಧರೊಬ್ಬರಿದ್ದಾರೆ; ಎಂಬತ್ತರ ಹತ್ತಿರದ ಪ್ರಾಯ, ಕೈ ಇನ್ನೂ ನಡುಗುವುದಿಲ್ಲ. ವಾಲ್ವ್ ಕೊಳ್ಳುವವರು ಅಂಗಡಿಯನ್ನು ಹುಡುಕುವ ಮೊದಲು ದುರಸ್ತಿಯವರನ್ನು ಹುಡುಕಬೇಕೆಂಬುದು ನಮ್ಮ ಅಭಿಪ್ರಾಯ. ಅವರು ಹೇಳಿದ ಮಾತುಗಳು ಬೆಲೆಯುಳ್ಳವು.

ಪೆಟ್ಟಿಗೆಯ ಒಳಗೆ ಮುನ್ನೂರು ವೋಲ್ಟಿನ ಆಸುಪಾಸು ವಿದ್ಯುತ್ತು ಓಡಾಡುತ್ತದೆ. ಪ್ಲಗ್ಗು ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಅದು ಉಳಿದಿರಬಹುದು. ಜೀವ ತೆಗೆಯಲು ಅಷ್ಟು ಸಾಕು. ಮನೆಯವರು ಯಾರೂ ಹಿಂಬದಿಯ ಮುಚ್ಚಳ ಬಿಚ್ಚಕೂಡದು. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥಿಂಗಿನ ಪಿನ್ನನ್ನು ಮುರಿದು ಹಾಕುವವರನ್ನು ನಾವೂ ಕಂಡಿದ್ದೇವೆ. ಗಿಟಾರಿನ ಲೋಹದ ತಂತಿಯನ್ನು ಬರಿಗೈಯಲ್ಲಿ ಹಿಡಿಯುವವನು ಮಗನೇ ಅಲ್ಲವೇ? ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಮೊದಲು ವೈರಿಂಗಿನವರಿಂದ ನೋಡಿಸಿರಿ. ಮಳೆಗೆ ಮುಂಚಿನ ಗುಡುಗು ಸಿಡಿಲಿನ ದಿನಗಳಲ್ಲಿ ಪ್ಲಗ್ಗನ್ನು ಕಿತ್ತೇ ಇಡಬೇಕು.

ಇನ್ನು ಕರಾವಳಿಯ ಉಪ್ಪುಗಾಳಿ. ನಾಲ್ಕು ತಿಂಗಳ ಮಳೆಯಲ್ಲಿ ಪಿನ್ನುಗಳಿಗೆ ತುಕ್ಕು ಹಿಡಿಯುತ್ತದೆ, ಗುಂಡಿ ತಿರುವಿದರೆ ಕರಕರ ಎನ್ನುತ್ತದೆ, ಸ್ಪೀಕರಿನ ಕಾಗದ ತೇವ ಕುಡಿಯುತ್ತದೆ. ಬೆಚ್ಚಗಿರುತ್ತದೆಂದು ಹಲ್ಲಿಗಳೂ ಒಳಸೇರುತ್ತವೆ. ಗೋಡೆಗೆ ತಾಗಿಸಿ ಇಡದೆ, ಬಟ್ಟೆ ಮುಚ್ಚಿ ನುಡಿಸದೆ, ಮಳೆಗಾಲದಲ್ಲಿ ವಾರಕ್ಕೆರಡು ಸಲವಾದರೂ ಅರ್ಧ ಗಂಟೆ ನುಡಿಸಿದರೆ ಅದೇ ಕಾವು ಒಳಗಿನ ತೇವವನ್ನು ಒಣಗಿಸುತ್ತದೆ. ಇಷ್ಟನ್ನು ಹೇಳಿ ವೃದ್ಧರು ಹುಡುಗನ ಕಡೆ ತಿರುಗಿ, "ನೋಡು ತಮಾ, ವಾಲ್ವು ಕಡಿಮೆ ಇದ್ದಷ್ಟೂ ನನಗೂ ಸುಲಭ, ನಿನಗೂ ಖರ್ಚು ಕಡಿಮೆ," ಎಂದರು. ಒಂದು 12ಎಎಕ್ಸ್7, ಒಂದು ಇಎಲ್84 ಅಥವಾ 6ವಿ6 ಇದ್ದರೆ ಸಾಕು. ಇವು ಇಂದಿಗೂ ತಯಾರಾಗುವ ಸಾಮಾನ್ಯ ಜಾತಿಗಳು. ರಷ್ಯಾ, ಸ್ಲೊವಾಕಿಯಾ, ಚೀನಾಗಳಿಂದ ಬರುತ್ತವೆ. 2022ರ ಯುದ್ಧದ ಹೊತ್ತಿನಲ್ಲಿ ರಷ್ಯಾದ ಸರಬರಾಜಿಗೆ ಅಡ್ಡಿಯಾಗಿ ಬೆಲೆ ಏರಿದ್ದುಂಟು. ಆದ್ದರಿಂದ ಕೊಳ್ಳುವಾಗಲೇ ಒಂದು ಜೊತೆ ವಾಲ್ವಿನ ಬೆಲೆಯನ್ನೂ, ಒಳ್ಳೆಯ ಕೇಬಲಿನ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಒಂದು ಮೋಸವನ್ನೂ ಹೇಳಿಬಿಡುತ್ತೇವೆ. ಕೆಲವು ಪೆಟ್ಟಿಗೆಗಳ ಕಿಟಕಿಯಲ್ಲಿ ವಾಲ್ವು ಕೆಂಪಗೆ ಹೊಳೆಯುತ್ತಿರುತ್ತದೆ. ಆ ಬೆಳಕು ಅದರ ಕೆಳಗಿಟ್ಟ ಪುಟ್ಟ ಎಲ್ಇಡಿ ದೀಪದ್ದು. ಒಂದು ವಾಲ್ವನ್ನು ಮುಂದಿಟ್ಟು ಶಕ್ತಿಯ ಕೆಲಸವನ್ನೆಲ್ಲ ಟ್ರಾನ್ಸಿಸ್ಟರಿಗೆ ವಹಿಸಿದ ಮಿಶ್ರ ಜಾತಿಯವೂ ಇವೆ. ಅವು ಕೆಟ್ಟವಲ್ಲ, ಕೆಲವು ಬಹಳ ಚೆನ್ನಾಗಿವೆ. ಆದರೆ ಪೂರ್ಣ ವಾಲ್ವಿನ ಬೆಲೆಯನ್ನು ಅದಕ್ಕೆ ಕೊಡಬಾರದು. ಪವರ್ ವಾಲ್ವ್ ಯಾವುದೆಂದು ಕೇಳಿದರೆ ಸತ್ಯ ಹೊರಬೀಳುತ್ತದೆ. ಕಲಿಕೆಯ ಮೊದಲ ವರ್ಷಗಳಲ್ಲಿರುವ ಮಕ್ಕಳಿಗೆ ಸಾಧಾರಣ ಟ್ರಾನ್ಸಿಸ್ಟರ್ ಪೆಟ್ಟಿಗೆಯೇ ಸಾಕು, ಅದರಲ್ಲಿ ನಾಚಿಕೆಯೇನೂ ಇಲ್ಲ.

ಅಂಗಡಿಗೆ ಹೋಗುವಾಗ ತನ್ನದೇ ಗಿಟಾರನ್ನು ಒಯ್ಯಬೇಕು. ಯಂತ್ರ ಕಾಯಲು ಎರಡು ನಿಮಿಷ ಬಿಟ್ಟು, ಏನೂ ನುಡಿಸದೆ ಮೊದಲು ಅದರ ಗುಂಯ್‌ಗುಡುವಿಕೆಯನ್ನು ಆಲಿಸಬೇಕು. ಪ್ರತಿಯೊಂದು ಗುಂಡಿಯನ್ನೂ ಕೊನೆಯವರೆಗೆ ತಿರುವಬೇಕು. ಮೆಲ್ಲಗೆ ನುಡಿಸಿದಾಗಲೂ ಮನಸ್ಸು ತುಂಬುತ್ತದೆಯೇ ಎಂದು ನೋಡಬೇಕು. ಜೋರಾಗಿ ನುಡಿಸಿದರೆ ಅಂಗಡಿಯಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತವೆ. ಸ್ಪೀಕರು ಎಂಟು ಇಂಚಿಗಿಂತ ಕಿರಿದಾದರೆ ಡಬ್ಬಿಯೊಳಗಿಂದ ಹಾಡಿದಂತಿರುತ್ತದೆ. ಹೊರಗಿನ ದೊಡ್ಡ ಸ್ಪೀಕರನ್ನು ಜೋಡಿಸುವ ರಂಧ್ರವಿದ್ದರೆ ಮುಂದೆಂದಾದರೂ ಉಪಯೋಗಕ್ಕೆ ಬರುತ್ತದೆ.

ವೈಶಾಖದಲ್ಲಿ ಹೆಂಚಿನ ಕೆಲಸ ಮುಗಿಯಿತು. ಹುಡುಗ ಆಳುಗಳೊಡನೆ ಏಣಿ ಹತ್ತಿ ಹೆಂಚು ಕೊಟ್ಟನೆಂದು ತಂದೆಯವರು ಪತ್ರ ಬರೆದರು. ಶ್ರಾವಣದಲ್ಲಿ ತಂದೆಮಕ್ಕಳಿಬ್ಬರೂ ಕೂಡಿ ಹುಬ್ಬಳ್ಳಿಗೆ ಹೋಗಿ ಐದು ವ್ಯಾಟಿನ ಪೆಟ್ಟಿಗೆಯೊಂದನ್ನು ತಂದರು. ಭಟ್ಕಳದಲ್ಲಿ ಕೇಳಿದ್ದ ಬೆಲೆಯ ಮುಕ್ಕಾಲಿಗೂ ಕಡಿಮೆ. ಅರ್ಧ ಹುಡುಗನ ಪಾಠದ ಹಣ, ಅರ್ಧ ತಂದೆಯವರದು. ಅಂಗಡಿಯಲ್ಲಿ ಮೂರು ಪೆಟ್ಟಿಗೆಗಳನ್ನು ನುಡಿಸಿ ನೋಡಿದಾಗ ಎರಡನೆಯದೇ ಆಗಲೆಂದವರು ತಂದೆಯವರಂತೆ. ಸಂಜೆ ಏಳರಿಂದ ಎಂಟರವರೆಗೆ ಒಂದು ವ್ಯಾಟಿನಲ್ಲಿ ಅಭ್ಯಾಸ ನಡೆಯುತ್ತದೆ. ಗೋಡೆಯಾಚೆ ಅಜ್ಜಿಗೆ ಅದು ಕೇಳುತ್ತದೆ, ನಿದ್ದೆಗೆ ಅಡ್ಡಿಯಾಗುವುದಿಲ್ಲ. "ಭಾಳ ಸಣ್ಣಗ ಬಾರಸ್ತಾನ, ಒಂಚೂರು ಏರಸಂತ ಹೇಳ್ರಿ," ಎಂದು ಅವರೇ ಈಚೆಗೆ ದೂರವಾಣಿಯಲ್ಲಿ ನಮಗೆ ಹೇಳಿದರು.

ಹಾರ್ಮೋನಿಯಂ ಕೊಳ್ಳುವ ಬಗ್ಗೆ ಓದುಗರಿಬ್ಬರು ಪತ್ರ ಬರೆದಿದ್ದಾರೆ. ಅದನ್ನು ಮುಂದಿನ ಸಂಚಿಕೆಯಲ್ಲಿ ವಿಚಾರಿಸೋಣ.