ಬರಹಕ್ಕೂ ಕರಾರು ಬೇಕು

ಹತ್ತು ವರ್ಷಗಳಿಂದ ನಾನು ಯಾವ ಕಚೇರಿಯ ನೌಕರಿಯನ್ನೂ ಹಿಡಿಯದೆ ಬರವಣಿಗೆಯಿಂದಲೇ ಬದುಕುತ್ತಿದ್ದೇನೆ. ಅನುವಾದ, ಅಂಕಣ, ಸ್ಮರಣ ಸಂಚಿಕೆಯ ಸಂಪಾದನೆ, ಜಾಹೀರಾತು ಬರಹ – ಕೆಲಸಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಹಣದ ಮಾತನ್ನು ಮೊದಲೇ ಆಡುವ ಧೈರ್ಯಕ್ಕೆ.

ಒಮ್ಮೆ ಪ್ರಕಾಶಕರೊಬ್ಬರಿಗಾಗಿ ಮುನ್ನೂರು ಪುಟ ಅನುವಾದಿಸಿದೆ. ಒಪ್ಪಂದವೆಲ್ಲ ಬಾಯಿಮಾತಿನದು. ಎರಡು ವರ್ಷ ಅಲೆದ ಮೇಲೆ ಕೈಗೆ ಬಂದದ್ದು ಅರ್ಧ ಸಂಭಾವನೆ ಮತ್ತು ಒಂದು ಶಾಲು. ತಪ್ಪು ಅವರದಷ್ಟೇ ಅಲ್ಲ. ಸರಸ್ವತಿಯನ್ನು ಮಾರಬಾರದೆಂದು ಸುಮ್ಮನಿದ್ದ ನನ್ನದೂ ಹೌದು.

ಈ ವಿಷಯದಲ್ಲಿ ಕಾನೂನು ನಮಗಿಂತ ಸ್ಪಷ್ಟವಾಗಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ, ಸಂಬಳದ ನೌಕರನಲ್ಲದ ಲೇಖಕನೇ ಸಾಮಾನ್ಯವಾಗಿ ತನ್ನ ಬರಹದ ಮೊದಲ ಒಡೆಯ. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಅದಕ್ಕೆ ಸಹಿ ಇರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದನ್ನು 5 ವರ್ಷವೆಂದೇ ಪರಿಗಣಿಸಲಾಗುತ್ತದೆ. ‘ಶಾಶ್ವತವಾಗಿ ಕೊಟ್ಟಿದ್ದೀರಿ’ ಎಂಬ ಬಾಯಿಮಾತಿಗೆ ಅಲ್ಲಿ ಬೆಲೆಯಿಲ್ಲ.

ಈಗ ಕೆಲಸ ಒಪ್ಪುವ ಮೊದಲೇ ಒಂದು ಪುಟದ ಪತ್ರ ಕಳುಹಿಸುತ್ತೇನೆ: ಪದಕ್ಕೆಷ್ಟು ದರ, ಮುಂಗಡವೆಷ್ಟು, ಎಷ್ಟು ಸಲ ತಿದ್ದಿಕೊಡಬೇಕು, ಬಾಕಿ ಯಾವಾಗ, ಹಕ್ಕು ಯಾರದು. ಕೆಲವರು ಮುನಿಸಿಕೊಂಡು ದೂರವಾದರು. ಉಳಿದವರು ಹೊತ್ತಿಗೆ ಸರಿಯಾಗಿ ಹಣ ಕೊಡುತ್ತಿದ್ದಾರೆ. ನಮ್ಮ ಸ್ನೇಹವೂ ಉಳಿದಿದೆ.

ಮುದ್ರಕನ ಬಾಕಿಯನ್ನಾಗಲಿ ಕಾಗದದ ವ್ಯಾಪಾರಿಯ ಬಾಕಿಯನ್ನಾಗಲಿ ಶಾಲು ಹೊದಿಸಿ ತೀರಿಸುವವರಿಲ್ಲ. ಆ ಕಾಗದದ ಮೇಲೆ ಅಕ್ಷರ ಮೂಡಿಸಿದವನಿಗೆ ಮಾತ್ರ ಈ ಉಪಚಾರವೇಕೆ?