ಬ್ಯಾಗು ಕಾಯೋಕೆ ದೊಡ್ಡವ್ವ, ಬೋಟಿಂಗಿಗೆ ನಾವು

ಕಳೆದ ಡಿಸೆಂಬರ್‌ನಲ್ಲಿ ಮನೆಯವರೆಲ್ಲ ಸೇರಿ ಕಾವೇರಿ ದಂಡೆಯ ಒಂದು ಬೋಟಿಂಗ್ ಜಾಗಕ್ಕೆ ಹೋಗಿದ್ದೆವು. ಜಾಗದ ಹೆಸರು ಬೇಡ. ಹೇಳಿದರೆ ಅದೊಂದೇ ಜಾಗದ ಮೇಲಿನ ದೂರು ಅನ್ನಿಸುತ್ತದೆ. ಸುದ್ದಿಗೆಂದು ನಾನು ಸುತ್ತಿದ ಬೇರೆ ಕಡೆಗಳಲ್ಲೂ ಹೆಚ್ಚುಕಡಿಮೆ ಇದೇ ಕತೆ. ಹೋದವರು ಹನ್ನೊಂದು ಜನ, ದೋಣಿ ಹತ್ತಿದವರು ಒಂಬತ್ತು. ನಮ್ಮವ್ವ ಮತ್ತು ದೊಡ್ಡವ್ವ ದಡದಲ್ಲೇ ಉಳಿದರು. ಅವರ ಸುತ್ತ ನಮ್ಮ ಬ್ಯಾಗು, ಊಟದ ಡಬ್ಬಿ, ಮಕ್ಕಳ ಸ್ವೆಟರ್.

"ನೀವ್ ಹೋಗ್ಬನ್ರಪ್ಪ, ನಮ್ಗ್ಯಾಕೆ ಇವೆಲ್ಲ" ಅಂದಳು ದೊಡ್ಡವ್ವ. ನಾವು ಎರಡನೇ ಸಲ ಕೇಳಲಿಲ್ಲ. ನಿಜ ಹೇಳಬೇಕೆಂದರೆ, ಬ್ಯಾಗು ನೋಡಿಕೊಳ್ಳೋಕೆ ಯಾರಾದರೂ ಬೇಕಿತ್ತು.

ದೊಡ್ಡವ್ವನಿಗೆ ಈಗ 73. ಹುಟ್ಟಿದ್ದು ಹೊಳೆ ಪಕ್ಕದ ಊರಲ್ಲಿ. ಹುಡುಗಿಯಾಗಿದ್ದಾಗ ಆಚೆ ದಡದ ಗದ್ದೆಗೆ ಬುತ್ತಿ ಹೊತ್ತು ಹೋಗುತ್ತಿದ್ದುದು ತೆಪ್ಪದಲ್ಲಿ. ಬಿದಿರು ಹೆಣೆದು ಚರ್ಮ ಹೊದಿಸಿದ, ದುಂಡನೆಯ ತೆಪ್ಪ. ಹುಲ್ಲಿನ ಹೊರೆ, ಮೇಕೆಮರಿ, ಕೈಕೂಸು ಎಲ್ಲ ಒಂದರಲ್ಲೇ. ಅವತ್ತು ನಮ್ಮ ಗುಂಪಿನಲ್ಲಿ ಹೊಳೆ ಗೊತ್ತಿದ್ದವಳು ಅವಳೊಬ್ಬಳೇ. ಅವಳನ್ನು ಕಲ್ಲುಬೆಂಚಿನ ಮೇಲೆ ಕೂರಿಸಿ, ಈಜು ಬಾರದ ನಾವು ದೋಣಿ ಹತ್ತಿದೆವು.

ವಾಪಸ್ ಬರುವಾಗ ಕಾರಿನಲ್ಲಿ ಕೇಳಿದೆ, "ನೀರಂದ್ರೆ ಭಯಾನಾ ದೊಡ್ಡವ್ವ?"

"ನೀರ್ಗ್ಯಾಕ್ಲಾ ಹೆದರ್ಲಿ? ಆ ಮೆಟ್ಲು ನೋಡ್ದಾ ನೀನು?"

ನಾನು ನೋಡಿರಲಿಲ್ಲ. ಮತ್ತೆ ಹೋದಾಗ ನೋಡಿದೆ. ಹದಿನಾಲ್ಕು ಮೆಟ್ಟಿಲು. ಕೊನೆಯ ಮೂರರ ಮೇಲೆ ಪಾಚಿ. ಹಿಡಿದುಕೊಳ್ಳಲು ಒಂದು ಕಂಬಿಯೂ ಇಲ್ಲ. ಕಡೇ ಮೆಟ್ಟಿಲಿಗೂ ದೋಣಿಗೂ ನಡುವೆ ಒಂದು ದೊಡ್ಡ ಹೆಜ್ಜೆಯಷ್ಟು ನೀರು. ದೋಣಿಯವನ ಒಂದು ಕೈ ಹಗ್ಗದ ಮೇಲೆ, ಇನ್ನೊಂದು ಕೈ ಹತ್ತುವವರಿಗೆ. ಹಿಂದಿನಿಂದ "ಬೇಗ ಬೇಗ" ಎಂಬ ಕೂಗು. ಶೌಚಾಲಯ ಇರುವುದು ಗೇಟಿನ ಹತ್ತಿರ, ದಡದಿಂದ ದೂರ. ದೊಡ್ಡವ್ವ ಬಿಪಿಗೆ ತೆಗೆದುಕೊಳ್ಳುವುದರಲ್ಲಿ ನೀರಿನ ಮಾತ್ರೆಯೂ ಇದೆ. ಪದೇ ಪದೇ ಹೋಗಬೇಕಾಗುತ್ತದೆಂದು ಅವತ್ತು ಬೆಳಗ್ಗೆಯಿಂದ ಒಂದು ಲೋಟ ನೀರನ್ನೂ ಕುಡಿದಿರಲಿಲ್ಲ.

"ನಮ್ಗ್ಯಾಕೆ" ಅನ್ನುವ ಮಾತು ಎಲ್ಲಿಂದ ಬಂತು ಅಂತ ಆಗ ಅರ್ಥವಾಯಿತು. ಅದು ವೈರಾಗ್ಯವೂ ಅಲ್ಲ, ವಯಸ್ಸಿನ ಗಾಂಭೀರ್ಯವೂ ಅಲ್ಲ. ಪಾಚಿ ಮೆಟ್ಟಿಲು, ಇಲ್ಲದ ಕಂಬಿ, ದೂರದ ಶೌಚಾಲಯ ಸೇರಿ ಅವಳ ಬಾಯಲ್ಲಿ ಆಡಿಸಿದ ಮಾತು ಅದು. ನಾವದನ್ನು "ಅವರಿಗೆ ಇಷ್ಟ ಇಲ್ಲ" ಎಂದು ಅನುಕೂಲಕ್ಕೆ ತಕ್ಕ ಹಾಗೆ ಅರ್ಥ ಮಾಡಿಕೊಳ್ಳುತ್ತೇವೆ.

ಇನ್ನೊಂದು ತರಹದ ಮನೆಯವರೂ ಇದ್ದಾರೆ. ಅಜ್ಜನನ್ನು ಮೂಟೆಯ ಹಾಗೆ ಎತ್ತಿ ದೋಣಿಯಲ್ಲಿ ಇಡುತ್ತಾರೆ. ಲೈಫ್ ಜಾಕೆಟ್ ಹಾಕಿದರೆ ಉಸಿರು ಕಟ್ಟುತ್ತದೆ ಅಂದರೆ "ಬಿಡಿ, ಹತ್ತು ನಿಮಿಷ ತಾನೆ" ಅನ್ನುತ್ತಾರೆ. ದಡದಲ್ಲಿ ಬಿಟ್ಟು ಹೋಗುವವರಿಗೂ ಹೀಗೆ ಎತ್ತಿ ಹಾಕುವವರಿಗೂ ನನ್ನ ಪ್ರಕಾರ ವ್ಯತ್ಯಾಸವಿಲ್ಲ. ಇಬ್ಬರೂ ಹಿರಿಯರನ್ನು ಕೇಳಿರುವುದಿಲ್ಲ. ಹತ್ತು ನಿಮಿಷದಲ್ಲಿ ಏನಾಗುತ್ತದೆ ಅನ್ನುವವರು 2019ರ ಜನವರಿ 21 ನೆನಪಿಸಿಕೊಳ್ಳಲಿ. ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಿತಿಮೀರಿ ಜನ ತುಂಬಿದ್ದ ಪ್ರವಾಸಿ ದೋಣಿ ಮಗುಚಿ 22 ಜನ ಹೋದರು.

ಇದನ್ನೇ ಹಿಡಿದುಕೊಂಡು ಕೆಲವರು ವಾದ ಹೂಡುತ್ತಾರೆ: "ಅದಕ್ಕೇ ಸ್ವಾಮಿ, ವಯಸ್ಸಾದವರಿಗೆ ಬೋಟಿಂಗ್ ಬೇಡ ಅನ್ನೋದು." ತಪ್ಪು ಲೆಕ್ಕ. 73ರ ಮುದುಕಿ ಜಾರುವ ಮೆಟ್ಟಿಲಲ್ಲಿ 7 ವರ್ಷದ ಮಗುವೂ ಜಾರುತ್ತದೆ, ಬಸುರಿಯೂ ಜಾರುತ್ತಾಳೆ. ಹಿರಿಯರು ಹತ್ತಲಾಗದ ಜಾಗ ಯಾರಿಗೂ ಸುರಕ್ಷಿತವಲ್ಲ. ಉಳಿದವರು ಅದೃಷ್ಟದ ಮೇಲೆ ಹತ್ತಿ ಇಳಿಯುತ್ತಿದ್ದಾರೆ, ಅಷ್ಟೆ.

ದುಡ್ಡಿಲ್ಲ ಅನ್ನುವುದು ಎರಡನೇ ನೆಪ. ನಾನು ಕೇಳುತ್ತಿರುವುದು ಕೋಟಿ ರೂಪಾಯಿಯ ಯೋಜನೆಯಲ್ಲ. ಮೆಟ್ಟಿಲ ಪಕ್ಕಕ್ಕೆ ಜಿಐ ಪೈಪಿನ ಕಂಬಿ. ವಾರಕ್ಕೆರಡು ಸಲ ಪಾಚಿ ಉಜ್ಜುವ ಒಬ್ಬರು. ದಡಕ್ಕೂ ದೋಣಿಗೂ ನಡುವೆ ಅಲುಗಾಡದ ಹಲಗೆ. ದಪ್ಪ ಇರುವವರಿಗೂ ಸಣ್ಣ ಇರುವವರಿಗೂ ಆಗುವ, ಬಕಲ್ ಕಿತ್ತುಹೋಗದ ಜಾಕೆಟ್. ದಡದ ಹತ್ತಿರ ಒಂದು ಶೌಚಾಲಯ. ಇವನ್ನು ಮಾಡಲು ತಾಲ್ಲೂಕಿನ ವೆಲ್ಡಿಂಗ್ ಶಾಪು, ಬಡಗಿ, ಗಾರೆಯವರು ಸಾಕು. 'ಐ ಲವ್' ಅಂತ ಊರ ಹೆಸರು ಬರೆದು ಲೈಟು ಹಾಕಲು ದುಡ್ಡು ಸಿಗುತ್ತದೆ, ಕಂಬಿಗೆ ಸಿಗುವುದಿಲ್ಲ.

ಕಾನೂನಿಗೂ ಬರ ಇಲ್ಲ. ದೋಣಿ ಸುರಕ್ಷತೆಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2017ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಒಳನಾಡು ಜಲಯಾನಗಳಿಗೆ 2021ರ ಹೊಸ ಕಾಯ್ದೆ ಇದೆ. ಸಾರ್ವಜನಿಕ ಜಾಗಗಳು ಅಂಗವಿಕಲರಿಗೂ ಸುಗಮವಾಗಿರಬೇಕು ಅಂತ 2016ರ ಕಾಯ್ದೆ ಹೇಳುತ್ತದೆ. ಅದರಂತೆ ಮಾಡಿದರೆ ಮಂಡಿನೋವಿನ ಅಜ್ಜಿಗೂ ಅನುಕೂಲ. ಕಾನೂನು ಮೆಟ್ಟಿಲವರೆಗೆ ಇಳಿದು ಬಂದಿಲ್ಲ, ಅದೇ ತೊಂದರೆ.

ಇನ್ನು ನಮ್ಮ ವಿಷಯ. ಇದನ್ನು ಓದುವವರಲ್ಲಿ ಅರ್ಧಕ್ಕರ್ಧ ಜನ ನನ್ನ ಹಾಗೆ ಸ್ಟ್ರಿಂಗರ್‌ಗಳು. ದೋಣಿ ಮಗುಚಿದರೆ ರಾತ್ರಿ ಹನ್ನೊಂದಕ್ಕೂ ಡೆಸ್ಕಿನಿಂದ ಫೋನ್ ಬರುತ್ತದೆ. ಕಂಬಿ ಇಲ್ಲ ಅಂತ ಬರೆದು ಕಳಿಸಿದರೆ "ಇದು ಸುದ್ದೀನಾ ಮಾರಾಯಾ?" ಅಂತ ಬರುತ್ತದೆ. ಕಾಲಂ ಲೆಕ್ಕದಲ್ಲಿ ದುಡ್ಡು ಎಣಿಸುವ ನಾವೂ ಸುಮ್ಮನಾಗುತ್ತೇವೆ. ಎಷ್ಟು ಸಲ ಬೋಟಿಂಗ್ ಉದ್ಘಾಟನೆಯ ಫೋಟೊ ಕಳಿಸಿದ್ದೇನೆ! ಶಾಸಕರು ಹತ್ತುವಾಗ ಎರಡೂ ಕಡೆ ಇಬ್ಬಿಬ್ಬರು ಕೈ ಹಿಡಿದಿರುತ್ತಾರೆ. ಕಂಬಿ ಇಲ್ಲದಿರುವುದು ಆ ಫೋಟೊದಲ್ಲೇ ಇತ್ತು, ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಆದ್ದರಿಂದ ಒಂದು ಕೆಲಸ ಮಾಡೋಣ. ನಿಮ್ಮ ತಾಲ್ಲೂಕಿನ ಬೋಟಿಂಗ್ ಜಾಗಕ್ಕೆ ಹೋದಾಗ ಮೆಟ್ಟಿಲು ಎಣಿಸಿ. ಕಂಬಿ ಇದೆಯಾ, ಜಾಕೆಟ್‌ನ ಬಕಲ್ ಬೀಳುತ್ತಾ, ಎಷ್ಟು ಜನ ಕೂರಬಹುದು ಅಂತ ದೋಣಿಯ ಮೇಲೆ ಬರೆದಿದ್ದಾರಾ, ಶೌಚಾಲಯ ಎಷ್ಟು ದೂರ, ಇಷ್ಟನ್ನು ನೋಡಿ, ಫೋಟೊ ತೆಗೆಯಿರಿ. ನಿರ್ವಹಣೆ ಯಾರದ್ದು ಅಂತ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. ನಾಲ್ಕು ತಾಲ್ಲೂಕಿನದು ಒಟ್ಟಿಗೆ ಬಂದರೆ ಡೆಸ್ಕಿನವರೂ ಸುದ್ದಿ ಅನ್ನುತ್ತಾರೆ.

ಮನೆಯವರಿಗೂ ಒಂದು ಮಾತು. ಭಾನುವಾರ ಬೇಡ, ವಾರದ ದಿನ ಬೆಳಗ್ಗೆ ಕರೆದುಕೊಂಡು ಹೋಗಿ. ಕನ್ನಂಬಾಡಿ ಕಟ್ಟೆಯಿಂದ ನೀರು ಬಿಟ್ಟಿದ್ದರೆ ರಂಗನತಿಟ್ಟಿನಲ್ಲೂ ಬೋಟಿಂಗ್ ನಿಲ್ಲಿಸುತ್ತಾರೆ, ವಿಚಾರಿಸಿಕೊಂಡು ಹೊರಡಿ. ಮಾತ್ರೆಯ ಹೊತ್ತು ನೋಡಿಕೊಳ್ಳಿ. "ಬೇಡ" ಅಂದರೆ ಯಾಕೆ ಬೇಡ ಅಂತ ಕೇಳಿ. ಮುಂದಿನ ವರ್ಷ ಅನ್ನಬೇಡಿ. 73ನೇ ವಯಸ್ಸಿನ ಮಂಡಿಗೆ ಒಂದು ವರ್ಷ ಅಂದರೆ ಬಹಳ.

ಫೆಬ್ರವರಿಯಲ್ಲಿ ದೊಡ್ಡವ್ವನನ್ನು ಬೇರೆ ಕಡೆ ಕರೆದುಕೊಂಡು ಹೋದೆ. ಮಂಗಳವಾರ, ಜನ ಇರಲಿಲ್ಲ. ದೋಣಿಯವರಿಗೂ ವಯಸ್ಸಾಗಿತ್ತು. ದೋಣಿಯನ್ನು ದಡಕ್ಕೆ ಉದ್ದುದ್ದ ತಂದು, ಎರಡೂ ತುದಿ ಕಟ್ಟಿ, ಹಲಗೆ ಹಾಕಿ, "ಬನ್ರವ್ವ ನಿಧಾನಕ್ಕೆ" ಅಂದರು. ಇಪ್ಪತ್ತು ನಿಮಿಷದ ಸುತ್ತು. ದೊಡ್ಡವ್ವ ನೀರಿಗೆ ಕೈ ಇಳಿಬಿಟ್ಟಳು. "ಮೊಸಳೆ ಅವೆ, ಕೈ ಒಳಗೆ ತಕ್ಕೊಳ್ರವ್ವ" ಅಂದಾಗ ನಗುತ್ತಾ ತೆಗೆದಳು.

ಅವ್ವ ಆಗಲೂ ಹತ್ತಲಿಲ್ಲ. ಅವಳಿಗೆ ನಿಜಕ್ಕೂ ನೀರಂದ್ರೆ ಭಯ, ಕೇಳಿದ್ದಕ್ಕೆ ಹೇಳಿದಳು. ದಡದಲ್ಲಿ ಕೂತಳು. ಬ್ಯಾಗು ಮಾತ್ರ ಕಾರಿನಲ್ಲೇ ಬಿಟ್ಟಿದ್ದೆವು.